ನೀಲಿ ಜಾಲರಿ

ಕೈ ಮುರಿದುಕೊಂಡವರು ಕ್ಷಮೆ ಕೇಳುತ್ತಿದ್ದರು. ಕೇಳಬೇಕಾದವಳು ತಲೆ ತಗ್ಗಿಸಿ ತಟ್ಟೆಯ ಅಂಚನ್ನು ಬೆರಳಿನಿಂದ ಸವರುತ್ತ ಕೂತಿದ್ದಳು.

“ನಿನ್ನ ಕೆಲಸಕ್ಕೇನೂ ತೊಂದರೆ ಆಗಲಿಲ್ಲ ತಾನೆ ಪುಟ್ಟಿ?” ಎಂದು ಭಾವ ಊಟದ ನಡುವೆ ಮತ್ತೆ ಕೇಳಿದರು. ಅವರ ಬಲಗೈ ಮೊಣಕೈವರೆಗೂ ಪ್ಲಾಸ್ಟರಿನಲ್ಲಿತ್ತು, ಕೊರಳಿಗೆ ಕಟ್ಟಿದ ಬಟ್ಟೆಯ ಪಟ್ಟಿಯಲ್ಲಿ ತೂಗುತ್ತಿತ್ತು. ಎಡಗೈಯಲ್ಲಿ ಚಮಚ ಹಿಡಿದು ಅದನ್ನು ಚೆಲ್ಲದ ಹಾಗೆ ಬಾಯಿಗೆ ಮುಟ್ಟಿಸುವುದೇ ಅವರಿಗೀಗ ಒಂದು ಸಾಹಸ. “ನಿನ್ನ ಕಡೆಯೋನು ಅಂತ ಅಷ್ಟು ಮರ್ಯಾದೆಯಿಂದ ಒಳಗೆ ಬಿಟ್ರು. ನಾನು ಹೋಗಿ ಎಲ್ಲರ ಮುಂದೆ ನಿನ್ನ ಮಾನ ತೆಗೆದೆ.”

“ಹಾಗೇನಿಲ್ಲ ಭಾವ” ಎಂದಳು ಪುಟ್ಟಿ.

“ಮನೇಲಿ ಜಿರಳೆ ಕಂಡ್ರೆ ಮಂಚ ಹತ್ತೋ ಮನುಷ್ಯ ಯುದ್ಧಕ್ಕೆ ಹೋದ್ರೆ ಇನ್ನೇನಾಗುತ್ತೆ?” ಅಕ್ಕ ಒಳಗಿನಿಂದ ನೀರಿನ ಜಗ್ಗು ತರುತ್ತ ಅಂದಳು. “ಶತ್ರುಗಳೆಲ್ಲ ಸೇರಿ ಇವರನ್ನ ಏನೂ ಮಾಡೋಕಾಗ್ಲಿಲ್ಲ. ಒಂದು ಕಬ್ಬಿಣದ ಬೀರು ಹೊಡೆದು ಕೆಡವ್ತು.”

ಭಾವ ನಕ್ಕರು. ಅಕ್ಕನ ಮಾತಿಗೆ ನಗುವುದು ಅವರಿಗೆ ಮದುವೆಯಾದಂದಿನಿಂದ ಅಭ್ಯಾಸ. ಆದರೆ ಈಚೆಗೆ ಆ ನಗು ತುಟಿಯ ಹತ್ತಿರ ಬಂದು ನಿಂತುಬಿಡುತ್ತಿತ್ತು, ಕಣ್ಣಿನ ತನಕ ಏರುತ್ತಿರಲಿಲ್ಲ. ಅದನ್ನು ಮನೆಯಲ್ಲಿ ಗಮನಿಸಿದವಳು ಪುಟ್ಟಿ ಒಬ್ಬಳೇ. ಕಾರಣ ಗೊತ್ತಿದ್ದವಳೂ ಅವಳೊಬ್ಬಳೇ.

ಕೆಲಸದ ಜಾಗದಲ್ಲಿ ಅವಳನ್ನು ಯಾರೂ ಪುಟ್ಟಿ ಎನ್ನುವುದಿಲ್ಲ. ಅಲ್ಲಿ ಅವಳ ಹೆಸರು ‘ಇನ್ನೊಂದ್ಸಲ’. ಬೀಗ ಹಾಕಿದ ಮೇಲೆ ಜಗ್ಗಿ ನೋಡುವವಳು, ಮೆಟ್ಟಿಲಿಳಿದ ಮೇಲೆ “ಸ್ವಿಚ್ಚು ಇನ್ನೊಂದ್ಸಲ ನೋಡಿ ಬರ್ತೀನಿ” ಎಂದು ಮತ್ತೆ ಹತ್ತುವವಳು. ಸಂಜೆ ಕಾಲೇಜಿನಲ್ಲಿ ಓದುವಾಗಲೂ ಹೀಗೇ. ಬರೆದ ಉತ್ತರವನ್ನು ತಿದ್ದಿ ತಿದ್ದಿ, ಸರಿಯಿದ್ದದ್ದನ್ನೂ ಹಾಳು ಮಾಡಿ ಬರುತ್ತಿದ್ದಳು. ಆ ಹೆಸರಿಟ್ಟವನು ಕೌಂಟರಿನಲ್ಲಿ ಕೂರುವ ಹುಡುಗ. ಅವನು ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಹಾಗಾಗಿ ಅವಳೂ ಅವನನ್ನು ‘ಕಂಬ’ ಎಂದು ಕರೆದು ಲೆಕ್ಕ ಚುಕ್ತಾ ಮಾಡಿದ್ದಳು.

ಅಂಗಡಿಗಳ ದೊಡ್ಡ ಕಟ್ಟಡದ ಮೇಲಿನ ಮಹಡಿಯಲ್ಲಿ, ಚಪ್ಪಲಿ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ, ಅವರ ಆಟದ ಮನೆ ಇತ್ತು. ಒಳಗೊಂದು ದೊಡ್ಡ ಕೋಣೆ. ಗೋಡೆಗೆ ಕಪ್ಪು ಬಣ್ಣ, ಕಾಲ ಕೆಳಗೆ ರಬ್ಬರ್ ಹಾಸು. ಆಡುವವರು ತಲೆಗೆ ಹೆಡ್‌ಸೆಟ್ ಕಟ್ಟಿಕೊಂಡು, ಎರಡು ಕೈಗೂ ಒಂದೊಂದು ಹಿಡಿಕೆ ತೆಗೆದುಕೊಂಡು, ಆ ಖಾಲಿ ಕೋಣೆಯಲ್ಲಿ ಬಗ್ಗುತ್ತ, ಏಳುತ್ತ, ಗಾಳಿಗೆ ಗುಂಡು ಹಾರಿಸುತ್ತ ಓಡಾಡುತ್ತಾರೆ. ಅವರ ಕಣ್ಣಿಗೆ ಕೋಣೆ ಕಾಣುವುದಿಲ್ಲ, ಯುದ್ಧ ಮಾತ್ರ ಕಾಣುತ್ತದೆ. ಹಾಗಾಗಿ ಅವರು ಗೋಡೆಗೆ ಹಣೆ ಚಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುವುದು ಪುಟ್ಟಿಯ ಕೆಲಸ.

ಅದಕ್ಕೊಂದು ವಿಧಾನವಿದೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಅವಳು ಹೆಡ್‌ಸೆಟ್ ಹಾಕಿಕೊಳ್ಳಬೇಕು. ಅದರ ಕ್ಯಾಮೆರಾದಲ್ಲಿ ಕೋಣೆ ಬೂದುಬೂದಾಗಿ ಕಾಣುತ್ತದೆ. ಕೈಯಲ್ಲಿನ ಹಿಡಿಕೆಯನ್ನು ನೆಲಕ್ಕೆ ತೋರಿಸುತ್ತ, ಎಲ್ಲಿಯವರೆಗೆ ಓಡಾಡಬಹುದೋ ಅಲ್ಲಿಯವರೆಗೆ ಸುತ್ತಲೂ ಒಂದು ಗೆರೆ ಎಳೆಯಬೇಕು. ಆಮೇಲೆ ಆಡುವವರು ಗೆರೆಯ ಹತ್ತಿರ ಬಂದರೆ ಕಣ್ಣೆದುರು ನೀಲಿ ಬಣ್ಣದ ಜಾಲರಿಯೊಂದು ಎದ್ದು ನಿಲ್ಲುತ್ತದೆ: ಇಲ್ಲಿಗೆ ಸಾಕು, ಮುಂದೆ ಗೋಡೆ. ಕೋಣೆಯಲ್ಲಿ ಒಂದು ಕುರ್ಚಿ ಅತ್ತಿತ್ತ ಆದರೂ ಗೆರೆಯನ್ನು ಹೊಸದಾಗಿ ಎಳೆಯಬೇಕು. ಯಂತ್ರಕ್ಕೆ ಗೆರೆ ಮಾತ್ರ ಗೊತ್ತು, ಕುರ್ಚಿ ಗೊತ್ತಿಲ್ಲ. ಪುಟ್ಟಿ ಅದನ್ನು ದಿನಾ ಎರಡು ಸಲ ಎಳೆಯುತ್ತಿದ್ದಳು. ಕಂಬ ಕೌಂಟರಿನಲ್ಲಿ ಕೂತು, “ರಂಗೋಲಿ ಮುಗೀತಾ ತಾಯಿ?” ಎಂದು ರೇಗಿಸುತ್ತಿದ್ದ.

ಆ ತಿಂಗಳು ಹೊಸ ಆಟವೊಂದು ಬಂದಿತ್ತು. ಹೆಸರು ‘ಕೊನೆಯ ಬೀದಿ’. ಮಾಡಿದ ಕಂಪನಿಯವರು ಪರೀಕ್ಷೆಗೆಂದು ಕೊಟ್ಟಿದ್ದರು. ಆಡುವವರನ್ನು ನೋಡಿ, ಏನು ಚೆನ್ನಾಗಿದೆ, ಏನು ಚೆನ್ನಾಗಿಲ್ಲ ಎಂದು ಸಿಬ್ಬಂದಿ ಹೇಳಬೇಕು, ಆಮೇಲೆ ಅದನ್ನು ಎಲ್ಲ ಕಡೆ ಬಿಡುವುದೋ ಬೇಡವೋ ಎಂದು ಅವರು ನಿರ್ಧರಿಸುತ್ತಾರೆ. ಪುಟ್ಟಿಗೆ ಅಷ್ಟು ಸಾಕಾಗಿತ್ತು. ಯಾರೋ ತನ್ನ ಅಭಿಪ್ರಾಯ ಕೇಳುತ್ತಾರೆ ಎಂಬ ಸಂಭ್ರಮಕ್ಕೆ ಅವಳು ಆಟವನ್ನು ತಾನೂ ಆಡಿದಳು, ಆಡುವವರ ಮುಖವನ್ನೂ ನೋಡಿದಳು, ಮನೆಗೆ ಬಂದು ಊಟದ ಹೊತ್ತಿನಲ್ಲಿ ಭಾವನಿಗೆ ವರದಿ ಒಪ್ಪಿಸಿದಳು. ಗುಂಡು ಮುಗಿದರೆ ಸೊಂಟದಿಂದ ಇನ್ನೊಂದು ಡಬ್ಬಿ ತೆಗೆದು ಕೈಯಾರೆ ಬಂದೂಕಿಗೆ ಸಿಕ್ಕಿಸಬೇಕು, ಗಡಿಬಿಡಿಯಲ್ಲಿ ಕೈ ನಡುಗುತ್ತದೆ, ಅದು ಚೆನ್ನಾಗಿದೆ. ಹಿಂದಿನಿಂದ ಬರುವ ಹೆಜ್ಜೆ ಸದ್ದು ನಿಜವಾಗಿ ಹಿಂದಿನಿಂದಲೇ ಬರುತ್ತದೆ. ಆದರೆ ಬಂದೂಕಿಗೆ ತೂಕವೇ ಇಲ್ಲ, ಹಕ್ಕಿಗರಿ ಹಿಡಿದ ಹಾಗೆ. ವೇಗವಾಗಿ ತಿರುಗಿದರೆ ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಹೊಗೆ ತುಂಬಿದ ಬೀದಿಯಲ್ಲಿ ನೀಲಿ ಜಾಲರಿ ಸ್ವಲ್ಪ ಮಸುಕು. ಇಲ್ಲದ ಮೇಜಿಗೆ ಒರಗಲು ಹೋಗಿ ಧೊಪ್ಪನೆ ಬಿದ್ದವರೂ ಇದ್ದರು.

“ಅಂದ್ರೆ ಅದರ ಗುಣವೂ ಅದೇ, ದೋಷವೂ ಅದೇ. ನಾವೆಲ್ಲಿದ್ದೀವಿ ಅನ್ನೋದೇ ಮರೆತುಹೋಗುತ್ತೆ” ಎಂದಿದ್ದಳು.

ಭಾವ ಬಾಯಿ ತೆರೆದುಕೊಂಡು ಕೇಳಿದ್ದರು. ಅವರು ಕೇಳುವ ರೀತಿಯೇ ಹಾಗೆ. ಅಮ್ಮ ಹೋದ ಮೇಲೆ ಪುಟ್ಟಿಯನ್ನು ತಮ್ಮ ಮನೆಗೆ ಕರೆತಂದವರು ಅವರು. ಸಂಜೆ ಕಾಲೇಜು ಮುಗಿಸಿ ಬಸ್ಸಿಳಿದಾಗ ಬೀದಿದೀಪದ ಕೆಳಗೆ, ಅಂಗಡಿಯಿಂದ ನೇರ ಬಂದು, ಅಳತೆಯ ಟೇಪನ್ನು ಕೊರಳಿನಿಂದ ತೆಗೆಯುವುದನ್ನೂ ಮರೆತು ನಿಂತಿರುತ್ತಿದ್ದರು. ಟೈಲರ್ ಅಂಗಡಿಯಲ್ಲಿ ಅವರು ಕಟಿಂಗ್ ಮಾಸ್ಟರ್. ಹೊಲಿಯುವವರು ಬೇರೆ, ಬಟ್ಟೆಯ ಮೇಲೆ ಸೀಮೆಸುಣ್ಣದ ಗುರುತು ಹಾಕಿ ಕತ್ತರಿ ಆಡಿಸುವವರು ಅವರು. ಅಳತೆಯ ವಿಷಯದಲ್ಲಿ ಅವರಿಗೆಷ್ಟು ಧೈರ್ಯವೋ ಮಿಕ್ಕ ವಿಷಯದಲ್ಲಿ ಅಷ್ಟೇ ಪುಕ್ಕಲು. ಬೀದಿನಾಯಿ ಆಕಳಿಸಿದರೂ ರಸ್ತೆ ದಾಟಿ ಆಚೆ ಹೋಗುವವರು.

ಅಂಥವರು, “ನಾನೂ ಒಂದ್ಸಲ ನೋಡ್ಲಾ?” ಎಂದು ಕೇಳಿದ್ದರು. ಸಿಬ್ಬಂದಿಯ ಮನೆಯವರಿಗೆ ಒಂದು ದಿನ ಬಿಟ್ಟಿ ಆಟ ಎಂದು ಮ್ಯಾನೇಜರ್ ಹೇಳಿದ್ದರಿಂದ ಪುಟ್ಟಿಯೇ ಕರೆದಿದ್ದಳು.

ಆ ದಿನ ಬೆಳಿಗ್ಗೆ ಎ.ಸಿ.ಯಿಂದ ನೀರು ಸೋರುತ್ತಿದೆ ಎಂದು ರಿಪೇರಿಯವನು ಬಂದ. ಆಡುವವರ ಚೀಲಗಳನ್ನಿಡುವ ಕಬ್ಬಿಣದ ಬೀರುವನ್ನು ಗೋಡೆಯಿಂದ ಈಚೆಗೆ ಎಳೆದು, ಹಿಂದೆ ನುಗ್ಗಿ ಕೆಲಸ ಮಾಡಿ, ಬೀರುವನ್ನು ಎಳೆದಲ್ಲೇ ಬಿಟ್ಟು ಹೋದ. ಕೋಣೆ ಮಂದ ಬೆಳಕಿನದು, ಬೀರುವೂ ಕಪ್ಪು. ಪುಟ್ಟಿ ಅದನ್ನು ನೋಡಿದಳು. ನೋಡಲಿಲ್ಲ ಎಂದು ಆಮೇಲೆ ತನಗೆ ತಾನೇ ಹೇಳಿಕೊಳ್ಳಲು ಎಷ್ಟೋ ಪ್ರಯತ್ನಪಟ್ಟಳು, ಆದರೆ ನೋಡಿದ್ದಳು. ಗೆರೆ ಹೊಸದಾಗಿ ಎಳೆಯಬೇಕು ಎಂದುಕೊಂಡಳು ಕೂಡ. ಅಷ್ಟರಲ್ಲಿ ಅಕ್ಕ, ಭಾವ ಬಾಗಿಲಲ್ಲಿ ಬಂದು ನಿಂತರು. ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮದುವೆಮನೆಗೆ ಬಂದವರ ಹಾಗೆ ಸಂಕೋಚದಿಂದ ಕೈಕಟ್ಟಿ ನಿಂತಿದ್ದರು. ಕಂಬ ಅವರಿಗೆ ಕುರ್ಚಿ ಹಾಕಿ, “ನಿಮ್ಮ ಹುಡುಗಿ ಇಲ್ದಿದ್ರೆ ಈ ಜಾಗ ನಡೆಯೋದೇ ಇಲ್ಲ ಸಾರ್” ಎಂದ. ಅಕ್ಕನ ಮುಖ ಅರಳಿತು. ಪುಟ್ಟಿಗೆ ಒಳಗೊಳಗೇ ರೆಕ್ಕೆ ಬಂದ ಹಾಗಾಯಿತು. ಯಂತ್ರವನ್ನು ಚಕಚಕನೆ ಹಚ್ಚಿ ತನ್ನ ಚುರುಕುತನ ತೋರಿಸುವ ಆಸೆ. ತೆರೆಯ ಮೇಲೆ, ಹಳೆಯ ಗೆರೆಯನ್ನೇ ಬಳಸಬೇಕೇ ಎಂಬ ಪ್ರಶ್ನೆ ಬಂತು. ಹೌದು ಎಂದು ಒತ್ತಿದಳು.

ಅಷ್ಟೇ. ಒಂದು ಬೆರಳಿನ ಕೆಲಸ.

ಭಾವ ಮೊದಲು ಹೆದರಿ ಗುಬ್ಬಚ್ಚಿಯಾದರು. ಆಮೇಲೆ ನಿಧಾನವಾಗಿ ಬೆನ್ನು ನೆಟ್ಟಗಾಯಿತು. ಗೋಡೆಯ ಮರೆಯಿಂದ ಇಣುಕಿದರು, ಬಾಗಿದರು, ಒಂದಿಬ್ಬರನ್ನು ಹೊಡೆದೂಬಿಟ್ಟರು. ಹೊರಗಿನ ತೆರೆಯಲ್ಲಿ ಅದನ್ನು ನೋಡುತ್ತಿದ್ದ ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಆ ಆಟದಲ್ಲಿ ಒಂದು ಘಟ್ಟವಿದೆ: ಜೊತೆಗಾರ ಸಿಪಾಯಿಯೊಬ್ಬ ಗುಂಡು ತಗುಲಿ ಹಿಂದೆಲ್ಲೋ ಬೀಳುತ್ತಾನೆ, ನರಳುತ್ತಾನೆ. ಸಾಮಾನ್ಯವಾಗಿ ಆಡುವವರು ಅವನನ್ನು ಬಿಟ್ಟು ಮುಂದೆ ಹೋಗುತ್ತಾರೆ, ಆಟ ಗೆಲ್ಲಲು ಅವನು ಬೇಕಿಲ್ಲ. ಭಾವ ಮಾತ್ರ ಗಕ್ಕನೆ ನಿಂತರು. ಬಂದೂಕು ಕೆಳಗಿಳಿಸಿದರು. “ಬಂದೆ ಇರಪ್ಪಾ, ಕೈ ಕೊಡು” ಎಂದು ಗಟ್ಟಿಯಾಗಿ ಹೇಳಿ, ತಿರುಗಿ, ಬಲಗೈ ಮುಂದಕ್ಕೆ ಚಾಚಿಕೊಂಡು ಓಡಿದರು.

ಬೀರುವಿನ ಸದ್ದು ಚಪ್ಪಲಿ ಅಂಗಡಿಯವರೆಗೂ ಕೇಳಿಸಿತಂತೆ.

ಆಸ್ಪತ್ರೆಯಲ್ಲಿ ಮಣಿಕಟ್ಟಿನ ಮೂಳೆ ಮುರಿದಿದೆ ಎಂದರು. ಯಾರೂ ಪುಟ್ಟಿಯನ್ನು ಏನೂ ಕೇಳಲಿಲ್ಲ. ಹುರುಪಿನಲ್ಲಿ ಮೈಮರೆತರು ಎಂದು ಮ್ಯಾನೇಜರ್ ಹೇಳಿದರು, ಅಕ್ಕ ಒಪ್ಪಿದಳು, ಭಾವನೇ ಒಪ್ಪಿದರು. ಮರುದಿನ ಪುಟ್ಟಿ ಎಲ್ಲರಿಗಿಂತ ಮೊದಲು ಹೋಗಿ ಬಾಗಿಲು ತೆರೆದಳು. ಬೀರುವನ್ನು ಭುಜ ಕೊಟ್ಟು ಗೋಡೆಗೆ ತಳ್ಳಿದಳು. ಹೆಡ್‌ಸೆಟ್ ಹಾಕಿಕೊಂಡು ಹೊಸ ಗೆರೆ ಎಳೆದಳು, ಅಭ್ಯಾಸದಂತೆ ಎರಡು ಸಲ. ಹಳೆಯ ಗೆರೆ ಅಳಿಸಿಹೋಯಿತು. ಇನ್ನು ಯಾರು ಬಂದು ನೋಡಿದರೂ ಎಲ್ಲ ಅಚ್ಚುಕಟ್ಟು.

ಕಂಬ ಬಂದವನು ಹೀಗೇ ಮಾತಿಗೆ ಕೇಳಿದ: “ನಿನ್ನೆ ಗೆರೆ ಹಾಕಿದ್ದೆ ತಾನೆ?”

“ಹಾಕಿದ್ದೆ.”

“ನೀನು ಹಾಕ್ದೇ ಇರ್ತೀಯಾ, ಇನ್ನೊಂದ್ಸಲ!” ಎಂದು ನಕ್ಕು ಅವನು ಕೌಂಟರಿಗೆ ಹೋದ. ಅವನು ಅನುಮಾನಪಟ್ಟಿದ್ದರೆ ಅವಳಿಗೆ ಹಗುರವಾಗುತ್ತಿತ್ತೋ ಏನೋ. ನಂಬಿಬಿಟ್ಟ. ಇಷ್ಟು ವರ್ಷ ಕಷ್ಟಪಟ್ಟು ಕಟ್ಟಿಕೊಂಡ ಒಳ್ಳೆಯ ಹೆಸರು ಈಗ ಅವಳ ಸುಳ್ಳಿಗೆ ಕಾವಲು ನಿಂತಿತ್ತು.

ಮನೆಯಲ್ಲಿ ಅವಳು ಮೈಮುರಿದು ಕೆಲಸ ಮಾಡತೊಡಗಿದಳು. ಪಾತ್ರೆ ತೊಳೆದಳು, ಭಾವನ ಹಾಸಿಗೆ ಹಾಸಿದಳು, ಅವರ ಚಪ್ಪಲಿಯ ಬಾರು ಸಡಿಲಿಸಿ ಇಟ್ಟಳು. ಅಕ್ಕ, “ಏನೇ ಇದು, ಇದ್ದಕ್ಕಿದ್ದ ಹಾಗೆ ಇಷ್ಟೊಂದು ಸೇವೆ? ಯಾರನ್ನಾದ್ರೂ ಮೆಚ್ಕೊಂಡಿದ್ದೀಯಾ?” ಎಂದು ಕಿಚಾಯಿಸಿದಳು. ಪುಟ್ಟಿ ಪ್ರತಿದಿನ ಬೆಳಿಗ್ಗೆ ಹೇಳಿಬಿಡಬೇಕು ಎಂದು ಏಳುತ್ತಿದ್ದಳು. ತಿಂಡಿಯ ಹೊತ್ತಿಗೆ ಅಕ್ಕ ಎದುರಿಗಿರುತ್ತಿದ್ದಳು, ಸಂಜೆ ಬಂದರೆ ಭಾವನಿಗೆ ನೋವು ಜಾಸ್ತಿ. ಹೇಳದಿರುವುದಕ್ಕೆ ಕಾರಣಗಳು ಕರೆಯದೆಯೂ ಬಂದು ಸಾಲಾಗಿ ನಿಲ್ಲುತ್ತಿದ್ದವು.

ಅಂಗಡಿಯ ಯಜಮಾನರು ಕಟಿಂಗ್ ಮೇಜಿಗೆ ಬೇರೊಬ್ಬನನ್ನು ತಾತ್ಕಾಲಿಕವಾಗಿ ಕರೆದಿದ್ದರು. ದಿನಾ ಭಾವ ಅಲ್ಲಿಗೆ ಹೋಗಿ ಗಿರಾಕಿಗಳ ಅಳತೆ ಹೇಳಿ ಬರೆಸಿ ಬರುತ್ತಿದ್ದರು. ಬಂದವರೆಲ್ಲ, “ಏನ್ ಮಾಸ್ಟ್ರೇ, ಯಾವ ಗಡಿಯಲ್ಲಿ ಯುದ್ಧ?” ಎಂದು ಕೇಳುವವರೇ. ಅದಕ್ಕೂ ಭಾವ ನಗುತ್ತಿದ್ದರು. ಒಂದು ಸಂಜೆ ಪುಟ್ಟಿ ಮನೆಗೆ ಬಂದಾಗ ಅವರು ಹಳೆಯ ಪೇಪರುಗಳನ್ನು ಹರವಿಕೊಂಡು, ಎಡಗೈಯಲ್ಲಿ ಕತ್ತರಿ ಹಿಡಿದು ಕೂತಿದ್ದರು. ಆ ಕತ್ತರಿ ಬಲಗೈಯವರಿಗೆಂದು ಮಾಡಿದ್ದು, ಎಡಗೈಯಲ್ಲಿ ಕಾಗದವನ್ನು ಕತ್ತರಿಸದೆ ಜಗಿಯುತ್ತಿತ್ತು.

“ಕೈ ಸರಿಹೋಗುತ್ತೆ ಅಂತ ಡಾಕ್ಟ್ರು ಹೇಳಿದಾರಲ್ಲ ಭಾವ, ಇದೆಲ್ಲ ಯಾಕೆ?”

“ಕೈ ಸರಿಹೋಗುತ್ತೆ ಪುಟ್ಟಿ. ಕಣ್ಣಿಗೆ ಗೆರೆ ಕಾಣುತ್ತಾ ಅಂತ ನೋಡ್ತಿದ್ದೆ.” ಅವರು ಕತ್ತರಿಯನ್ನು ಪೇಪರಿನ ಮೇಲಿಟ್ಟರು. “ಆ ಜಾಲರಿ ಬರುತ್ತೆ, ಬಂದ್ರೆ ನಿಲ್ಲಿ ಅಂತ ನೀನು ಮೊದಲೇ ಹೇಳಿದ್ದೆ. ಎಲ್ಲರಿಗೂ ಕಾಣುತ್ತಂತೆ. ನನಗೆ ಕಾಣಲೇ ಇಲ್ಲ. ಕಣ್ಣ ಮುಂದೆ ಗೆರೆ ಎದ್ದು ನಿಂತ್ರೂ ಕಾಣದವನು ಜನರ ಬಟ್ಟೆ ಮೇಲೆ ಕತ್ತರಿ ಆಡಿಸ್ಲಾ? ಮದುವೆ ಬಟ್ಟೆ ಇರುತ್ತೆ, ಎಷ್ಟು ಆಸೆಯಿಂದ ತಂದಿರ್ತಾರೆ. ಹೊಸಬನೇ ಮುಂದುವರೀಲಿ ಅಂತ ಈ ವಾರದ ಕೊನೇಲಿ ಯಜಮಾನ್ರಿಗೆ ಹೇಳಿಬಿಡ್ತೀನಿ. ನಾನು ಗುಂಡಿ ಹಚ್ಕೊಂಡಿರ್ತೀನಿ.”

ಮೂಳೆ ಕೂಡುತ್ತದೆ ಎಂಬುದೊಂದನ್ನೇ ಹಿಡಿದುಕೊಂಡು ಪುಟ್ಟಿ ಇಷ್ಟು ದಿನ ಉಸಿರಾಡುತ್ತಿದ್ದಳು. ಮೂಳೆಯ ಆಚೆಗೆ ಇನ್ನೊಂದು ಮುರಿದಿತ್ತು. ಭಾವನಿಗೆ ತಮ್ಮ ಕಣ್ಣಿನ ಮೇಲಿದ್ದ ನಂಬಿಕೆಯೇ ಹೋಗಿತ್ತು. ಅದು ಹೋದರೆ ಕಟಿಂಗ್ ಮಾಸ್ಟರ್ ಹೋದ ಹಾಗೆ. ಬಾಯಿ ತೆರೆದಳು. “ಭಾವ, ಅದು...” ಎಂದಳು. ಭಾವ ಅವಳ ಮುಖ ನೋಡಿದರು, ಮೃದುವಾಗಿ, “ನೀನು ಯಾಕಮ್ಮ ಬೇಜಾರು ಮಾಡ್ಕೋತೀಯ, ನಿಂದೇನಿದೆ ಇದರಲ್ಲಿ?” ಎಂದರು. ಅಷ್ಟಕ್ಕೆ ಅವಳ ಧೈರ್ಯ ಉಡುಗಿಹೋಯಿತು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು, ನೀರಿನ ಸದ್ದಿನಲ್ಲಿ ಅತ್ತು ಬಂದಳು. ಅತ್ತದ್ದರಿಂದಲೂ ಅವಳಿಗೆ ನಾಚಿಕೆಯಾಯಿತು. ಪೆಟ್ಟು ಬಿದ್ದವರು ಅಳುತ್ತಿಲ್ಲ.

ಆ ವಾರವೇ ಆಟದ ಕಂಪನಿಯಿಂದ ಒಬ್ಬ ಹೆಂಗಸು ಬಂದರು. ಕನ್ನಡಕ, ಚಿಕ್ಕದಾಗಿ ಕತ್ತರಿಸಿದ ಕೂದಲು, ಯಾರು ಮಾತಾಡಿದರೂ ತಲೆಯಾಡಿಸಿ ಕೇಳುವ ಸ್ವಭಾವ. ಮ್ಯಾನೇಜರ್ ಮೊದಲೇ ಸಿಬ್ಬಂದಿಯನ್ನು ಕೂರಿಸಿಕೊಂಡು ಪಾಠ ಹೇಳಿದ್ದರು: ಹೊಗೆಯಲ್ಲಿ ಜಾಲರಿ ಕಾಣುವುದಿಲ್ಲ, ಅದು ಆಟದ ದೋಷ, ಅದನ್ನು ಒತ್ತಿ ಹೇಳಿ. ತಪ್ಪು ಆಟದ್ದಾದರೆ ನಮ್ಮ ಕೋಣೆಯ ಮೇಲೆ ಮಾತು ಬರುವುದಿಲ್ಲ. ಸಾಲದ್ದಕ್ಕೆ ಭಾವನನ್ನೂ ಕರೆಸಿದ್ದರು, ಕಣ್ಣಾರೆ ಕಂಡವರು ಹೇಳಲಿ ಎಂದು.

ನಾಲ್ಕು ಕುರ್ಚಿ ಹಾಕಿಕೊಂಡು ಅದೇ ಕೋಣೆಯಲ್ಲಿ ಕೂತರು. ಬೀರು ಗೋಡೆಗೆ ಅಂಟಿಕೊಂಡು ಸಾಧುವಾಗಿ ನಿಂತಿತ್ತು. ಕಂಬ ಬಾಗಿಲಿಗೆ ಒರಗಿದ್ದ.

ಕಂಪನಿಯವರು ಮೊದಲು ಪುಟ್ಟಿಯನ್ನೇ ಕೇಳಿದರು. ಎಷ್ಟೋ ದಿನದಿಂದ ಅವಳು ಕಾಯುತ್ತಿದ್ದ ಘಳಿಗೆ ಅದು. ಬಂದೂಕಿನ ತೂಕ, ಹೆಜ್ಜೆಯ ಸದ್ದು, ಹೊಟ್ಟೆ ತೊಳಸುವುದು, ಎಲ್ಲ ಹೇಳಿದಳು. ತನ್ನ ದನಿ ಬೇರೆ ಯಾರದೋ ಎಂಬಂತೆ ಕೇಳಿಸುತ್ತಿತ್ತು. ಹೊಗೆಯಲ್ಲಿ ಜಾಲರಿ ಸ್ವಲ್ಪ ಮಸುಕು ಎಂದಳು, ಮ್ಯಾನೇಜರ್ ಕೆಮ್ಮಿದರು, ಇನ್ನೂ ಜೋರಾಗಿ ಹೇಳು ಎಂಬಂತೆ.

“ಮಸುಕು ನಿಜ, ಅದನ್ನ ಸರಿಮಾಡ್ತೀವಿ” ಎಂದರು ಕಂಪನಿಯವರು. “ಆದ್ರೆ ಬರೋದಂತೂ ಬಂದೇ ಬರುತ್ತೆ.” ಆಮೇಲೆ ಭಾವನ ಕಡೆ ತಿರುಗಿದರು. “ನೀವು ಹೇಳಿ ಸಾರ್. ಅವತ್ತು ಜಾಲರಿ ಬಂತಾ?”

ಭಾವ ಪ್ಲಾಸ್ಟರಿನ ಕೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡರು, ಕೂಸನ್ನು ಇಟ್ಟುಕೊಂಡ ಹಾಗೆ. “ಇಲ್ಲಮ್ಮ. ನನಗೆ ಕಾಣಲಿಲ್ಲ.”

“ಸ್ವಲ್ಪ ಮಸುಕಾಗಿಯಾದ್ರೂ?”

“ಇಲ್ಲ.”

“ಹೊಗೆ ಇತ್ತಾ ಆಗ?”

ಭಾವ ಯೋಚಿಸಿದರು. “ಆ ಸಿಪಾಯಿ ಹುಡುಗ ಬಿದ್ದಿದ್ದ ಕಡೆ ಹೊಗೆ ಇರಲಿಲ್ಲ. ಅವನ ಮುಖ ಚೆನ್ನಾಗಿ ಕಾಣ್ತಿತ್ತು.”

ಮ್ಯಾನೇಜರ್ ಕುರ್ಚಿಯಲ್ಲಿ ಅಲುಗಾಡಿದರು. ಕಂಪನಿಯವರು ಒಂದಿಷ್ಟೂ ಗಡಸಿಲ್ಲದೆ ವಿವರಿಸಿದರು: ಹೊಗೆ ಇಲ್ಲದ ಕಡೆ ಜಾಲರಿ ಢಾಳಾಗಿ ಬರುತ್ತದೆ, ಬಾರದಿರಲು ಸಾಧ್ಯವೇ ಇಲ್ಲ. ಗಾಬರಿಯಲ್ಲಿ ಮನಸ್ಸು ಕಂಡದ್ದನ್ನೂ ಕಂಡಿಲ್ಲ ಎನ್ನುತ್ತದೆ, ಎಷ್ಟೋ ಜನಕ್ಕೆ ಹೀಗಾಗಿದೆ, ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. “ನೆನಪು ಮಾಡ್ಕೊಳ್ಳಿ ಸಾರ್. ಬಂದಿರಬಹುದಲ್ವಾ?”

ಭಾವ ಆ ಕಪ್ಪು ಗೋಡೆಯನ್ನು ನೋಡಿದರು. ಪುಟ್ಟಿಯೂ ಅವರ ಮುಖವನ್ನೇ ನೋಡುತ್ತಿದ್ದಳು. ತನ್ನ ಕಣ್ಣು ಕಂಡದ್ದನ್ನು ಒಬ್ಬ ಮನುಷ್ಯ ಕೈಯಾರೆ ಅಳಿಸಿಹಾಕುವುದು ಹೇಗಿರುತ್ತದೆ ಎಂದು ಅವಳಿಗೆ ಆವತ್ತು ಗೊತ್ತಾಯಿತು. ಹುಬ್ಬು ಗಂಟಾಯಿತು, ಸಡಿಲವಾಯಿತು, ಆಮೇಲೆ ಆ ತುಟಿಯಂಚಿನ ನಗು ಬಂತು.

“ಬಂದಿರುತ್ತೆ ಬಿಡಿ. ಅಷ್ಟು ಓದಿದೋರು ಮಾಡಿರೋ ಯಂತ್ರ ಸುಳ್ಳು ಹೇಳುತ್ತಾ? ನಾನೇ ನೋಡಿಲ್ಲ. ನಂದೇ ತಪ್ಪು.”

“ಬರಲಿಲ್ಲ” ಎಂದಳು ಪುಟ್ಟಿ.

ದನಿ ಎಷ್ಟು ಸಣ್ಣದಿತ್ತೆಂದರೆ ಯಾರೂ ತಿರುಗಲಿಲ್ಲ. ಎದ್ದು ನಿಂತಳು. ಕುರ್ಚಿಯ ಬೆನ್ನು ಹಿಡಿದುಕೊಂಡಳು.

“ಜಾಲರಿ ಬರಲಿಲ್ಲ ಭಾವ. ನೀವು ಹೇಳಿದ್ದೇ ಸರಿ. ಬರೋಕೆ ಅಲ್ಲಿ ಗೆರೆ ಇರಲಿಲ್ಲ. ಬೀರು ಇಲ್ಲಿತ್ತು ಅವತ್ತು.” ಹೋಗಿ ನಿಂತು ಕಾಲಿನಿಂದ ಜಾಗ ತೋರಿಸಿದಳು. “ರಿಪೇರಿಯವನು ಎಳೆದಿಟ್ಟಿದ್ದ. ನಾನು ನೋಡಿದ್ದೆ. ಹೊಸ ಗೆರೆ ಎಳೀಲಿಲ್ಲ. ಹಳೇದಕ್ಕೇ ಹೌದು ಅಂತ ಒತ್ತಿದೆ. ಮಾರನೇ ದಿನ ಬಂದು ಬೀರು ಹಿಂದಕ್ಕೆ ತಳ್ಳಿ ಎಲ್ಲ ಸರಿಮಾಡಿಟ್ಟೆ, ಯಾರಿಗೂ ಗೊತ್ತಾಗದ ಹಾಗೆ.”

ಕಂಬ ಬಾಗಿಲಿನಿಂದ ಬೆನ್ನು ಎತ್ತಿ ನೆಟ್ಟಗೆ ನಿಂತ. ಅವನ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಒಂದು ಥರದ ಪೆಚ್ಚುತನ ಇತ್ತು, ನಂಬಿದ್ದ ಗಡಿಯಾರ ನಿಂತಿದ್ದು ಈಗ ಕಂಡ ಹಾಗೆ. ಮ್ಯಾನೇಜರ್ ಏನೋ ಹೇಳಹೊರಟು, ಕಂಪನಿಯವರ ಮುಖ ನೋಡಿ ನುಂಗಿಕೊಂಡರು. ಆಮೇಲೆ ಪುಟ್ಟಿಯನ್ನು ಆಚೆ ಕರೆದು, ಸದ್ಯಕ್ಕೆ ಮನೆಗೆ ಹೋಗು, ಹೇಳಿ ಕಳಿಸುವ ತನಕ ಬರಬೇಡ ಎಂದರು. ಅವಳು ಕೊರಳಿನಿಂದ ಗುರುತಿನ ಚೀಟಿ ತೆಗೆದು ಅವರ ಕೈಗಿತ್ತಳು. ಅದು ಅವಳಿಗೆ ಹೆಚ್ಚು ನೋಯಲಿಲ್ಲ. ಒಳಗೆ ಭಾವ ಇನ್ನೂ ಕುರ್ಚಿಯಲ್ಲೇ ಕೂತು, ಅವಳು ಕಾಲಿನಿಂದ ತೋರಿಸಿದ ಜಾಗವನ್ನೇ ನೋಡುತ್ತಿದ್ದರು. ಅದು ನೋಯುತ್ತಿತ್ತು.

ಮನೆಗೆ ಇಬ್ಬರೂ ನಡೆದೇ ಹೊರಟರು. ಯಾವಾಗಲೂ ಅವಳನ್ನು ರಸ್ತೆಯ ಒಳಬದಿಗೆ ಬಿಟ್ಟು, ಗಾಡಿಗಳ ಕಡೆ ತಾವು ನಡೆಯುವ ಭಾವ ಇವತ್ತು ಎರಡು ಹೆಜ್ಜೆ ಮುಂದಿದ್ದರು. ಔಷಧಿ ಅಂಗಡಿ ದಾಟಿತು, ಬಸ್ ನಿಲ್ದಾಣ ದಾಟಿತು. ಬೀದಿದೀಪದ ಹತ್ತಿರ ಬಂದು ಭಾವ ನಿಂತರು.

“ಹಾಗಾದ್ರೆ ನನ್ನ ಕಣ್ಣು ಸರಿಯಿದೆ” ಎಂದರು.

“ಸರಿಯಿದೆ ಭಾವ.”

“ಹೊಗೇನೂ ಇರಲಿಲ್ಲ.”

“ಇರಲಿಲ್ಲ.”

ಅವರು ಒಂದು ಉದ್ದನೆಯ ಉಸಿರು ಬಿಟ್ಟರು. ಬೆನ್ನು ಒಂದಿಷ್ಟು ನೆಟ್ಟಗಾಯಿತು, ಆವತ್ತು ಆಟದ ನಡುವೆ ಆದ ಹಾಗೆಯೇ. ಕ್ಷಮಿಸಿದರು, ಎಲ್ಲ ಮುಗಿಯಿತು ಎಂದು ಪುಟ್ಟಿಯ ಮನಸ್ಸು ಆಸೆಯಿಂದ ಮುಂದಕ್ಕೆ ಓಡಿತು. ಆದರೆ ಭಾವ ಅವಳ ಕಡೆ ತಿರುಗಿದಾಗ ಆ ಮುಖದಲ್ಲಿ ನಗು ಇರಲಿಲ್ಲ, ತುಟಿಯಂಚಿನದೂ ಇರಲಿಲ್ಲ.

“ಮರೆತದ್ದಕ್ಕೆ ನನಗೆ ಸಿಟ್ಟಿಲ್ಲ ಪುಟ್ಟಿ. ನಾನೂ ಕತ್ತರಿ ಹಾಕೋನು, ಎಷ್ಟು ಬಟ್ಟೆ ಕೆಡಿಸಿದ್ದೀನೋ. ಆದ್ರೆ ದಿನಾ ಊಟಕ್ಕೆ ಕೂತಾಗ ನಾನು ನಿನ್ನ ಹತ್ರ ತಪ್ಪಾಯ್ತು ತಪ್ಪಾಯ್ತು ಅಂತಿದ್ದೆ. ನೀನು ಎದುರಿಗೆ ಕೂತು ಕೇಳಿಸ್ಕೋತಿದ್ದೆ.”

ಆ ದೀಪದ ಕೆಳಗೆ ಎಷ್ಟು ಸಂಜೆ ಈ ಮನುಷ್ಯ ತನಗಾಗಿ ಕಾದಿದ್ದರು ಎಂಬುದು ಪುಟ್ಟಿಗೆ ಮತ್ತೆ ಮತ್ತೆ ನೆನಪಾಗುತ್ತಿತ್ತು. ಭಾವ ನಡೆಯತೊಡಗಿದರು. ಅವಳು ಹಿಂದೆ ನಡೆದಳು.

ಮನೆಯಲ್ಲಿ ಪಕ್ಕದ ಮನೆಯಾಕೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅಕ್ಕ ಈರುಳ್ಳಿ ಹೆಚ್ಚುತ್ತ ಅವರಿಗೆ ಕಥೆ ಹೇಳುತ್ತಿದ್ದಳು, ಒಳ್ಳೆಯ ಹುರುಪಿನಲ್ಲಿದ್ದಳು. “ಬಂದ್ರು ನೋಡಿ ನಮ್ಮ ಸೇನಾಪತಿ. ಎದುರಿಗೆ ಇಷ್ಟೆತ್ತರದ ಬೀರು ನಿಂತಿದ್ರೂ ಕಾಣಲಿಲ್ಲ ಕಣ್ರೀ ಇವರಿಗೆ. ಇನ್ನು ಇವರು ಬಟ್ಟೆ ಕತ್ತರಿಸಿದ್ರೆ ಒಂದು ತೋಳು ಊರಿಗೆ, ಒಂದು ತೋಳು ಕಾಡಿಗೆ.”

ಪಕ್ಕದ ಮನೆಯಾಕೆ ನಕ್ಕರು. ಭಾವ ನಗಲಿಲ್ಲ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು, ಗೋಡೆಗೆ ಒರಗಿಸಿದ್ದ ಕುರ್ಚಿಯಲ್ಲಿ ಕೂತು, ಪುಟ್ಟಿಯ ಕಡೆ ನೋಡಿದರು. ಹೇಳು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಸುಮ್ಮನೆ ನೋಡುತ್ತ ಕೂತರು, ಅಳತೆ ತೆಗೆಯುವ ಮೊದಲು ಗಿರಾಕಿ ನೆಟ್ಟಗೆ ನಿಲ್ಲಲಿ ಎಂದು ಕಾಯುವ ಹಾಗೆ.

ಒಂದು ಸಲ ಹೇಳಿದರೆ ಮುಗಿಯುತ್ತದೆ ಎಂದುಕೊಂಡಿದ್ದಳು ಪುಟ್ಟಿ. ಇಲ್ಲಿ ಹೇಳಬೇಕು. ನಾಳೆ ಟೈಲರ್ ಅಂಗಡಿಗೆ ಹೋಗಿ ಯಜಮಾನರಿಗೆ, ಹೊಲಿಗೆಯವರಿಗೆ, ಯಾವ ಗಡಿಯಲ್ಲಿ ಯುದ್ಧ ಎಂದು ಕೇಳಿದ ಗಿರಾಕಿಗಳು ಬಂದರೆ ಅವರಿಗೂ ಹೇಳಬೇಕು. ಭಾವ ಎಲ್ಲೆಲ್ಲಿ ತಪ್ಪು ತಮ್ಮದೆಂದು ಹೇಳಿ ಬಂದಿದ್ದರೋ ಅಲ್ಲೆಲ್ಲ ಅವಳು ಹಿಂದೆಯೇ ಹೋಗಬೇಕು.

ಅವಳು ಹೊಸ್ತಿಲು ದಾಟಿ ಒಳಗೆ ಬಂದಳು. ಅಕ್ಕನ ಕೈಯಿಂದ ಚಾಕು ತೆಗೆದು ಪಕ್ಕಕ್ಕಿಟ್ಟಳು.

“ಅಕ್ಕಾ, ಭಾವನ್ನ ಅನ್ನಬೇಡ” ಎಂದಳು. “ನನ್ನ ಮಾತು ಸ್ವಲ್ಪ ಕೇಳು. ನಿನ್ನ ಕಥೆ ಕೇಳಿದ ಇವರೂ ಇರಲಿ, ಹೋಗೋದು ಬೇಡ.”